ಎಲ್ಡರ್ಕಿನ್ನರ ಹಾಲು

ಮಾರ್ಲಿನ್ ಫೆರಿ, ಒಹಾಯೊ
1987 ಜುಲೈ 9, ಗುರುವಾರ

ವಿನ್‌ಸ್ಲೋ,

ಹೆಸರಿನ ಮುಂದೆ ‘ಪ್ರೀತಿಯ’ ಎಂದು ಬರೆಯಲು ಹೋದೆ, ಕೈ ಏಳಲಿಲ್ಲ. ಹಾಗಾಗಿ ಬರೀ ಹೆಸರು. ನಾನಿಲ್ಲಿ ಕ್ಷೇಮವಾಗಿಲ್ಲ. ನೀನಲ್ಲಿ ಕ್ಷೇಮವಾಗಿರುತ್ತೀಯ ಎಂದು ಗೊತ್ತಿರುವುದರಿಂದ ವಿಚಾರಿಸುವುದಿಲ್ಲ. ನಿಮ್ಮ ಮನೆಯವರು ಯಾವತ್ತು ತಾನೇ ಕ್ಷೇಮವಾಗಿರಲಿಲ್ಲ?

ನಿಮ್ಮ ಮನೆಗೆ ನಾನು ಕಾಗದ ಬರೆಯುವುದು ಹೊಸದೇನಲ್ಲ. ಎಲ್ಡರ್ಕಿನ್ ವಿದ್ಯಾರ್ಥಿವೇತನ ಪಡೆದ ಹುಡುಗಿ ಪ್ರತಿ ಕ್ರಿಸ್‌ಮಸ್‌ಗೆ ನಿಮ್ಮ ಅಜ್ಜಿಗೆ ಕೃತಜ್ಞತೆಯ ಪತ್ರ ಬರೆಯಬೇಕೆಂಬುದು ನಿಯಮವಾಗಿತ್ತು. ಕಾಲೇಜು ಮುಗಿಯುವವರೆಗೆ ಬರೆದೆ. ಅಕ್ಷರ ದುಂಡಗಿದೆ ಎಂದು ನಿಮ್ಮಜ್ಜಿ ಚಹಾಕ್ಕೆ ಕರೆದರು, ಆ ಚಹಾದಲ್ಲಿ ನೀನು ಸಿಕ್ಕೆ. ಮುಂದಿನದು ಇಬ್ಬರಿಗೂ ಗೊತ್ತು. ನಿಮ್ಮ ಮನೆಗೆ ನಾನು ಬರೆದ ಕಾಗದಗಳಲ್ಲಿ ಎಲ್ಲೂ ಥ್ಯಾಂಕ್ಸ್ ಇಲ್ಲದ್ದು ಇದೇ ಮೊದಲನೆಯದು.

ವಿಷಯಕ್ಕೆ ಬರುತ್ತೇನೆ. ನಮ್ಮ ಮಗಳು ಗಸ್ಸಿ ನನ್ನ ಹತ್ತಿರ ಇದ್ದಾಳೆ. ನಿಮ್ಮ ದ್ವೀಪದಿಂದ ದೋಣಿ ಹಿಡಿದು, ಅಲ್ಲಿಂದ ಬಸ್ಸಿನ ಮೇಲೆ ಬಸ್ಸು ಬದಲಾಯಿಸಿ, ಮೊನ್ನೆ ಮಂಗಳವಾರ ಸಂಜೆ ಬಾಗಿಲಲ್ಲಿ ಬಂದು ನಿಂತಳು. ಮುಖ ಒಣಗಿ ಹೋಗಿತ್ತು. ಎಲ್ಡರ್ಕಿನ್ ಮನೆಯ ಮಗಳು ಬಸ್ ನಿಲ್ದಾಣದ ಬೆಂಚಿನ ಮೇಲೆ ಮಲಗಿದ್ದಳು ಎಂದು ನಿಮ್ಮ ಮಿಟ್ಸಿ ಅತ್ತೆಗೆ ಗೊತ್ತಾದರೆ ಮೂರ್ಛೆ ಹೋಗುತ್ತಾರೆ. ದಯವಿಟ್ಟು ಅವರಿಗೆ ಹೇಳು.

ಬಂದ ರಾತ್ರಿ ಹುಡುಗಿ ಹಾಗೇ ಮಲಗಿಬಿಟ್ಟಳು. ನಿನ್ನೆ ನಾನು ಎಲೆಕೋಸಿನ ಹಲೂಷ್ಕಿ ಮಾಡಿ ಮುಂದಿಟ್ಟೆ. ನೀನು ‘ಬಡವರ ಶಾವಿಗೆ’ ಎಂದು ಮೂಗು ಮುರಿಯುತ್ತಿದ್ದೆಯಲ್ಲ, ಅದೇ. ತಟ್ಟೆ ಖಾಲಿ ಮಾಡಿ, ಮತ್ತೆ ಹಾಕಿಸಿಕೊಂಡು, ಆಮೇಲೆ ಅಳುತ್ತಾ ಎಲ್ಲ ಹೇಳಿದಳು.

ನಿಮ್ಮ ವಂಶದ ‘ಮೊದಲ ದಾನ’ದ ಶಾಸ್ತ್ರ ನನಗೆ ಬಾಯಿಪಾಠ. ಹದಿನೆಂಟು ತುಂಬಿದ ಮಕ್ಕಳು ಜುಲೈ ನಾಲ್ಕರ ಊಟದ ಕೊನೆಗೆ ಎದ್ದು ನಿಲ್ಲಬೇಕು. ಮನೆತನದ ನಿಧಿಯಿಂದ ಇಂಥವರಿಗೆ ಕೊಡಬೇಕು ಎಂದು ಹೇಳಬೇಕು. ಯಾರೂ ಇಲ್ಲ ಎನ್ನುವಂತಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಬೇಕು, ಹಿರಿಯರು ಹಳೇ ಹಡಗಿನ ಗಂಟೆ ಬಾರಿಸಬೇಕು. ಹುಡುಗನಾಗಿದ್ದಾಗ ನೀನು ನಿನ್ನ ಶಾಲೆಯ ಪ್ರಾರ್ಥನಾ ಮಂದಿರಕ್ಕೆ ದೊಡ್ಡ ಆರ್ಗನ್ ವಾದ್ಯ ಕೊಡಿಸಿದೆ. ಮಿಟ್ಸಿ ಅತ್ತೆ ವೆನಿಸ್ಸಿನ ಯಾವುದೋ ಚರ್ಚಿನ ಮಾಡು ರಿಪೇರಿ ಮಾಡಿಸಿದರು. ನಿನ್ನ ತಂಗಿಯ ಮಗ ಆಫ್ರಿಕಾದ ಆನೆಗಳಿಗೆ ಕೊಟ್ಟ. ಆನೆಯೂ ಬದುಕಲಿ, ನನಗೇನು ಹೊಟ್ಟೆಯುರಿಯಿಲ್ಲ.

ಈ ಸಲ ನನ್ನ ಮಗಳು ಎದ್ದು ನಿಂತು ಟ್ಯಾನರ್ ಬೀದಿಯ ಹೆಸರು ಹೇಳಿದಳು.

ಚಪ್ಪಾಳೆ ಬೀಳಲಿಲ್ಲವಂತೆ. ಮಿಟ್ಸಿ ಅತ್ತೆ ಪಕ್ಕದವರನ್ನು, “ಅದೆಲ್ಲಿದೆ? ಪೆರುವಿನಲ್ಲಾ?” ಎಂದು ಕೇಳಿದರಂತೆ. ಗಸ್ಸಿ ವಿವರಿಸಿದಳು. ಮಾರ್ಲಿನ್ ಫೆರಿಯ ನಮ್ಮ ಸೀಸದ ಕಾರ್ಖಾನೆಯ ಹಿಂದಿನ ಬೀದಿ, ಕಾರ್ಖಾನೆ ಮುಚ್ಚಿದರೂ ಅಲ್ಲಿನ ಮಣ್ಣಿನಲ್ಲಿ ಸೀಸ ಹಾಗೇ ಇದೆ, ಮಣ್ಣು ತೆಗೆಸಬೇಕು, ಮಕ್ಕಳನ್ನು ನೋಡಲು ಒಬ್ಬ ಡಾಕ್ಟರು ಬೇಕು ಎಂದಳು. ಊರಿನ ಎಲ್ಡರ್ಕಿನ್ ಗ್ರಂಥಾಲಯದಲ್ಲಿ ಶನಿವಾರ ಶನಿವಾರ ತಾನು ಪಾಠ ಹೇಳಿಕೊಡುವ ಲಟೀಷಾ ಎಂಬ ಆರು ವರ್ಷದ ಹುಡುಗಿಯ ಬಗ್ಗೆ ಹೇಳಿದಳು. ಆ ಮಗು ಕಳೆದ ವರ್ಷ ಬರೆಯುತ್ತಿದ್ದ ತನ್ನ ಹೆಸರನ್ನು ಈ ವರ್ಷ ಬರೆಯಲಾರದು. ನಮ್ಮ ಮಗಳು ಕೊನೇವರೆಗೆ ಹೇಳಿದಳಂತೆ.

ಆಗ ನೀನು ಎದ್ದೆ. ಏನು ಹೇಳಿದೆ, ನೆನಪಿದೆಯಾ? ನನಗೆ ಗಸ್ಸಿ ನಿನ್ನ ದನಿಯಲ್ಲೇ ಹೇಳಿ ತೋರಿಸಿದಳು. “ನಮ್ಮ ಗಸ್ಸಿಗೆ ಮಕ್ಕಳು ಅಂದ್ರೆ ಪ್ರಾಣ ಕಣ್ರೀ. ಮಕ್ಕಳಿಗೆ ಸೀಲ್ ಮರಿ ಅಂದ್ರೆ ಪ್ರಾಣ. ಅದಕ್ಕೇ ಅವಳ ಮೊದಲ ದಾನ ಕೊಲ್ಲಿಯಾಚೆಗಿರೋ ಗಾಯಗೊಂಡ ಸೀಲ್ ಮರಿಗಳ ಆಸ್ಪತ್ರೆಗೆ!” ಎಲ್ಲರೂ ಉಸಿರು ಬಿಟ್ಟರು. ಚಪ್ಪಾಳೆ ತಟ್ಟಿದರು. ನೀನೇ ಹೋಗಿ ಗಂಟೆ ಬಾರಿಸಿದೆ. ಮಗಳು ಇನ್ನೂ ನಿಂತೇ ಇದ್ದಳು.

ಅಲ್ಲವೋ, ನಿನಗೆ ನಾಚಿಕೆ ಅನ್ನೋದು ಯಾವ ಅಂಗಡಿಯಲ್ಲಿ ಮಾರುತ್ತಾರೆ ಅಂತಾದರೂ ಗೊತ್ತಾ? ನನ್ನ ಮೈಯೆಲ್ಲ ಉರಿಯಿತು. ಗಸ್ಸಿಯ ಮುಂದೆ ಏನೂ ಅನ್ನಬಾರದು ಎಂದು ಪಾತ್ರೆ ತೊಳೆಯಲು ನಿಂತೆ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ.

ಗಸ್ಸಿ ಕೇಳಿದಳು, “ಅಮ್ಮಾ, ಯಾಕಮ್ಮಾ ಬೇಡ ಅಂದ್ರು? ಸೀಲ್ ಮರಿಗಳಿಗೆ ಕೊಟ್ಟಿದ್ದರಲ್ಲಿ ಅರ್ಧ ಸಾಕಾಗ್ತಿತ್ತು. ದುಡ್ಡಿಗಲ್ಲ, ಮತ್ತ್ಯಾಕೆ?” ನಾನು ಗೊತ್ತಿಲ್ಲ ಎಂದೆ. ವಿಚ್ಛೇದನದ ಕಾಗದದಲ್ಲಿ ನೀನು ನನ್ನ ಬಾಯಿಗೆ ಹಾಕಿಸಿದ ಬೀಗ ಅಷ್ಟು ಗಟ್ಟಿ. ಈ ಮನೆ, ಪ್ರತಿ ತಿಂಗಳ ಜೀವನಾಂಶ, ಎರಡೂ ನಾನು ಎಲ್ಡರ್ಕಿನ್ನರ ವ್ಯವಹಾರದ ಬಗ್ಗೆ ಯಾರ ಹತ್ತಿರವೂ ಏನೂ ಆಡದಿರುವವರೆಗೆ. ಮಗಳ ಹತ್ತಿರವೂ.

ಆದರೆ ನಿನ್ನ ಹತ್ತಿರ ಆಡಬಾರದು ಎಂದು ಅದರಲ್ಲಿ ಬರೆದಿಲ್ಲ. ನೀನು ಅಲ್ಲೇ ಇದ್ದವನು. ಮರೆತಿದ್ದರೆ ನೆನಪಿಸುತ್ತೇನೆ, ತಾಳ್ಮೆಯಿಂದ ಓದು.

1968, ಸೆಪ್ಟೆಂಬರಿನ ಕೊನೆಯ ಶನಿವಾರ. ಮರುದಿನ ಬೆಳಗ್ಗೆ ದ್ವೀಪದ ಮನೆಗೆ ಬೀಗ ಹಾಕುವುದಿತ್ತು. ಊಟದ ಕೋಣೆಯಲ್ಲಿ ಐದು ಜನ. ಮೇಜಿನ ತಲೆಗೆ ನಿಮ್ಮಪ್ಪ. ಅವರ ಬಲಕ್ಕೆ ಕಂಪನಿ ವಕೀಲ ಕ್ರ್ಯಾಂಡಲ್, ಎಡಕ್ಕೆ ಮಿಟ್ಸಿ ಅತ್ತೆ. ನೀನು, ನಿನ್ನ ಪಕ್ಕದಲ್ಲಿ ನಾನು. ಎಂದಿನಂತೆ ಕೋಣೆಯಲ್ಲಿ ಚಳಿ, ಒಲೆ ಹೊತ್ತಿಸುವುದು ಅಕ್ಟೋಬರಿಗೇ ಎಂಬ ನಿಮ್ಮ ಮನೆಯ ಹಠ. ಎಲ್ಲರ ಮೈಮೇಲೂ ಮೊಣಕೈ ಹರಿದ ಸ್ವೆಟರು. ಕೋಟ್ಯಧೀಶರಿಗೆ ಹರಿದ ಸ್ವೆಟರೇ ಗತ್ತು ಎಂದು ನನಗೆ ತಿಳಿಯಲು ವರ್ಷಗಳೇ ಹಿಡಿದವು. ಗಸ್ಸಿ ಆಗಿನ್ನೂ ನನ್ನ ಹೊಟ್ಟೆಯಲ್ಲಿ ಎರಡು ತಿಂಗಳು. ಓಕರಿಕೆಯಿಂದ ನಾನು ವೈನ್ ಮುಟ್ಟಿರಲಿಲ್ಲ. ಕುಡಿದ ಮತ್ತಿನಲ್ಲಿ ಏನೋ ಕೇಳಿಸಿಕೊಂಡಳು ಎಂದು ಯಾರೂ ಹೇಳುವಂತಿಲ್ಲ.

ಕ್ರ್ಯಾಂಡಲ್ ಜೇಬಿನಿಂದ ಕಂಪನಿ ಡಾಕ್ಟರ ವರದಿ ತೆಗೆದ. ಟ್ಯಾನರ್ ಬೀದಿಯ ಮಕ್ಕಳ ರಕ್ತ ಪರೀಕ್ಷೆ ಮಾಡಿಸಿದ್ದರಲ್ಲ, ಅದರ ಫಲಿತಾಂಶ. ಎಲ್ಲ ಮಕ್ಕಳಲ್ಲೂ ಸೀಸ, ಕೆಲವರಲ್ಲಿ ಡಾಕ್ಟರೇ ಹೆದರುವಷ್ಟು. ಚರ್ಚಿನ ಪಾದ್ರಿ ಆ ಮಕ್ಕಳಿಗೆ ದಿನಾ ಹಾಲು ಕೊಡಿಸಿ ಎಂದು ಅರ್ಜಿ ಹಾಕಿದ್ದ. ಸೀಸಕ್ಕೆ ಹಾಲು ಮದ್ದು ಎಂದು ಊರಿನಲ್ಲೆಲ್ಲ ನಂಬಿಕೆ, ಕಾರ್ಖಾನೆಯಲ್ಲೂ ಪ್ರತಿ ಪಾಳಿಗೆ ಕೆಲಸಗಾರರಿಗೆ ಒಂದು ಲೋಟ ಹಾಲು ಧರ್ಮಕ್ಕೆ ಸಿಗುತ್ತಿತ್ತು. ‘ಎಲ್ಡರ್ಕಿನ್ನರ ಹಾಲು’ ಎಂದು ಅದಕ್ಕೆ ಹೆಸರೇ ಬಿದ್ದಿತ್ತು. ಪೇಪರಿನವರು ನಿಮ್ಮ ತಾತನ ಔದಾರ್ಯದ ಬಗ್ಗೆ ಬರೆದಾಗೆಲ್ಲ ಹಾಲಿನ ವಿಷಯ ಮೊದಲು ಬರುತ್ತಿತ್ತು.

ಕ್ರ್ಯಾಂಡಲ್ ಹೇಳಿದ, “ಸಾರ್, ಮಕ್ಕಳಿಗೆ ಕೊಡೋ ಮಾತಿರ್ಲಿ, ಈ ಕೆಲಸಗಾರರ ಹಾಲೇ ನಮಗೆ ಮುಳುವಾಗುತ್ತೆ. ನಾಳೆ ಯಾರಾದ್ರೂ ಕೇಸು ಹಾಕಿದ್ರೆ ಜಡ್ಜ್ ಕೇಳೋ ಮೊದಲ್ನೇ ಪ್ರಶ್ನೆ, ವಿಷ ಇಲ್ಲ ಅನ್ನೋರು ಮದ್ದು ಯಾಕೆ ಕೊಟ್ರಿ ಅಂತ.”

ನಿಮ್ಮಪ್ಪ ಕಡಲೇಡಿಯ ಕಾಲು ಮುರಿದರು. ಆಮೇಲೆ ಹೇಳಿದ್ದು ಒಂದಕ್ಷರ ಬಿಡದೆ ಬರೆಯುತ್ತೇನೆ. “ಹಾಗಾದ್ರೆ ಸೋಮವಾರದಿಂದ ಹಾಲು ನಿಲ್ಸಿ. ಡಾಕ್ಟರ ಕಾಗದ ಒಲೆಗೆ ಹಾಕಿ. ಆ ಬೀದಿ ವಿಷಯ ನಮಗೆ ಗೊತ್ತು ಅನ್ನೋದೇ ನಮಗೆ ಗೊತ್ತಿಲ್ಲ. ಭೂಮಿ ಮೇಲೆ ಯಾರಿಗೆ ಬೇಕಾದ್ರೂ ಕೊಡಿ, ನಾನು ಬೇಡ ಅನ್ನಲ್ಲ. ಟ್ಯಾನರ್ ಬೀದಿಗೆ ಮಾತ್ರ ನಮ್ಮ ಮನೆಯಿಂದ ಒಂದು ಬಿಡಿಗಾಸು ಹೋಗ್ಕೂಡ್ದು. ಅಲ್ಲಿಗೆ ದಾನ ಮಾಡೋದು ಅಂದ್ರೆ ತಪ್ಪೊಪ್ಕೊಂಡ ಹಾಗೆ.”

ಮಿಟ್ಸಿ ಅತ್ತೆ, “ಪಾಪ, ಮಕ್ಕಳು” ಎಂದರು. ನಿಮ್ಮಪ್ಪ, “ಪಾಪ ಅನ್ನೋಕೆ ದುಡ್ಡು ಬೇಕಿಲ್ಲ, ಅನ್ಕೊ” ಎಂದರು. ಅತ್ತೆ ನಕ್ಕರು. ಆ ಕೋಣೆಯಲ್ಲಿ ಒಲೆ ಹೊತ್ತಿಸಿದ್ದು ಅವತ್ತೇ, ಸೆಪ್ಟೆಂಬರಿನಲ್ಲೇ, ಆ ವರದಿಯನ್ನು ಸುಡುವುದಕ್ಕೆ. ಬೆಂಕಿಕಡ್ಡಿ ಗೀರಿದವನು ನೀನು. ಆಮೇಲೆ ಬ್ಲೂಬೆರಿ ಪೈ ಬಂತು, ಮೊದಲ ತುಂಡನ್ನು ನನ್ನ ತಟ್ಟೆಗೆ ಹಾಕಿದವನೂ ನೀನೇ. ನಾನು ಎದ್ದು ಹೋಗಿ ವಾಂತಿ ಮಾಡಿಕೊಂಡೆ. ಬಸುರಿಯಲ್ಲವಾ ಎಂದು ಎಲ್ಲರೂ ಸಮಾಧಾನಪಟ್ಟುಕೊಂಡಿರಿ.

ಸೋಮವಾರ ಹಾಲು ನಿಂತಿತು. ನಿಮಗೆ ಅದು ಅಲ್ಲಿಗೆ ಮುಗಿದ ಮಾತು. ನನ್ನಪ್ಪ ಅದೇ ಕಾರ್ಖಾನೆಯ ಕುಲುಮೆಯಲ್ಲಿ ಮೂವತ್ತು ವರ್ಷ ದುಡಿದವನು. ನಾನು ಸಣ್ಣವಳಿದ್ದಾಗ ಆ ಲೋಟದಲ್ಲಿ ಅರ್ಧ ಕುಡಿದು, ಉಳಿದರ್ಧ ಬಾಟಲಿಗೆ ಸುರಿದು, ಕೋಟಿನ ಒಳಜೇಬಿನಲ್ಲಿಟ್ಟುಕೊಂಡು ನನಗೆ ತರುತ್ತಿದ್ದ. ಕೋಟಿನ ತುಂಬ ಬಿಳಿ ಧೂಳು. ಅಮ್ಮ ಅದನ್ನು ಅಡುಗೆಮನೆಯ ಬಾಗಿಲಲ್ಲೇ ಕೊಡವುತ್ತಿದ್ದಳು. “ಎಷ್ಟು ಒಳ್ಳೇ ಜನಾನೇ ಅವ್ರು, ನೋಡು” ಎನ್ನುತ್ತಿದ್ದ ಅಪ್ಪ. ಹಾಲು ನಿಂತ ಮೇಲೂ ಯೂನಿಯನ್ನಿನವರೇ ಏನೋ ತಲೆಹರಟೆ ಮಾಡಿರಬೇಕು, ಎಲ್ಡರ್ಕಿನ್ನರದ್ದು ತಪ್ಪಿಲ್ಲ ಎಂದೇ ವಾದಿಸುತ್ತಿದ್ದ. ಕೊನೆಗೆ ಕೈಯ ಮಣಿಕಟ್ಟು ಜೋತುಬಿದ್ದು ಚಮಚ ಹಿಡಿಯಲಾಗದೆ ಸತ್ತ. ಅವನ ಮಣ್ಣಿಗೆ ನೀವು ಕಳಿಸಿದ ಹೂಗುಚ್ಛ ಎಷ್ಟು ದೊಡ್ಡದಿತ್ತೆಂದರೆ ಚರ್ಚಿನ ಬಾಗಿಲಲ್ಲಿ ಓರೆ ಮಾಡಿ ತೂರಿಸಬೇಕಾಯಿತು. ಅದನ್ನು ಕಂಡು ಅಮ್ಮನ ಕಣ್ಣು ತುಂಬಿ ಬಂತು. ಅಮ್ಮನಿಗೆ ನಾನು ಏನೂ ಹೇಳಲಿಲ್ಲ.

ಆ ವರ್ಷವೇ ನೀವು ನಗರದಲ್ಲಿ ಸಂಗೀತ ಸಭಾಂಗಣ ಕಟ್ಟಿಸಿದಿರಿ. ಆಮೇಲೆ ಬಾಸ್ಟನ್ನಿನಲ್ಲಿ ಹೃದಯದ ಆಸ್ಪತ್ರೆಗೆ ಹೊಸ ಕಟ್ಟಡ, ವಿಶ್ವವಿದ್ಯಾಲಯಕ್ಕೆ ಗ್ರೀಕ್ ಮಡಕೆಗಳ ವಸ್ತುಸಂಗ್ರಹಾಲಯ, ಎಲ್ಲೋ ಒಂದು ಕಡೆ ಬಾತುಕೋಳಿಗಳ ಕೆರೆ. ಎಲ್ಲೆಲ್ಲೂ ಹಿತ್ತಾಳೆಯ ಫಲಕ, ಫಲಕದಲ್ಲಿ ನಿಮ್ಮ ಹೆಸರು. ಮಾರ್ಲಿನ್ ಫೆರಿಯಲ್ಲೂ ಅಮೃತಶಿಲೆಯ ಗ್ರಂಥಾಲಯ ಇದೆ, ಒಪ್ಪುತ್ತೇನೆ. ಅದರ ಕಿಟಕಿಗಳಿಗೂ ನಿಮ್ಮದೇ ಕಾರ್ಖಾನೆಯ ಸೀಸದ ಬಿಳಿ ಬಣ್ಣ, ಈಗ ಅದು ಹಪ್ಪಳದ ಹಾಗೆ ಎದ್ದು ಉದುರುತ್ತಿದೆ. ಲಟೀಷಾ ಪಾಠಕ್ಕೆ ಕೂರುವುದು ಆ ಕಿಟಕಿಯ ಪಕ್ಕದಲ್ಲೇ. ಗಸ್ಸಿ ಅವಳ ಬಾಯಿಂದ ಬಣ್ಣದ ಚೂರು ತೆಗೆದಳಂತೆ. ಆ ಮಗುವಿನ ಅಜ್ಜಿ ವಿಲ್ಮಾ ಟಾಲಿವರ್ ಈಗ ಬೀದಿಯವರನ್ನೆಲ್ಲ ಸೇರಿಸಿ ನಿಮ್ಮ ಮೇಲೆ ಕೇಸು ಹಾಕಿದ್ದಾಳೆ. ನಿಮ್ಮ ವಕೀಲರು, ಕಂಪನಿಗೆ ಇದ್ಯಾವುದೂ ಎಪ್ಪತ್ತೈದನೇ ಇಸವಿಯವರೆಗೆ ತಿಳಿದೇ ಇರಲಿಲ್ಲ ಎಂದು ಕೋರ್ಟಿನಲ್ಲಿ ಬೈಬಲ್ ಮುಟ್ಟಿ ಹೇಳಿಸಿದ್ದಾರೆ. ಹಾಗೆ ಹೇಳಿದವನು ನೀನೇ ಎಂದು ಪೇಪರಿನಲ್ಲಿ ಓದಿದೆ.

ಸರಿ, ಇದೆಲ್ಲ ನಿನಗೆ ಗೊತ್ತಿದ್ದದ್ದೇ. ನನ್ನನ್ನು ಈ ಮೇಜಿಗೆ ತಂದು ಕೂರಿಸಿದ್ದು ಇದರ ಮುಂದಿನದು.

ಚಪ್ಪಾಳೆ ಮುಗಿದ ಮೇಲೆ ನೀನು ಮಗಳನ್ನು ದೋಣಿಕಟ್ಟೆಗೆ ಕರೆದುಕೊಂಡು ಹೋದೆಯಂತೆ. ಹೆಗಲ ಮೇಲೆ ಕೈ ಹಾಕಿದೆಯಂತೆ. ಈ ತಿಂಗಳ ಇಪ್ಪತ್ತಕ್ಕೆ ಬಾಸ್ಟನ್ನಿನ ಕಚೇರಿಗೆ ಬಂದು ನಿಧಿಯ ಧರ್ಮದರ್ಶಿಯಾಗಿ ಸಹಿ ಹಾಕಬೇಕು, ಅದರ ಜೊತೆಗೆ ಇನ್ನೊಂದು ಸಣ್ಣ ಸಹಿ, ಮನೆತನದ ವ್ಯವಹಾರದ ಬಗ್ಗೆ ಬದುಕಿರುವವರೆಗೂ ಹೊರಗೆಲ್ಲೂ ಮಾತಾಡುವುದಿಲ್ಲ ಎಂದು ಬರೆದುಕೊಡಲು, ಎಂದೆಯಂತೆ. ಅವಳು ಆಗುವುದಿಲ್ಲ ಎಂದಳು. ಆಗ ನೀನು ಏನಂದೆ? “ಪುಟ್ಟೀ, ನಿಮ್ಮಮ್ಮ ಇರೋ ಮನೆ ಯಾರದ್ದು ಅನ್ಕೊಂಡಿದೀಯ? ನಮ್ಮ ನಿಧೀದು. ನೀನು ಟ್ಯಾನರ್ ಬೀದಿ ಅಂತ ಎಲ್ಲಾ ಕಡೆ ಹೇಳ್ಕೊಂಡು ತಿರುಗಿದ್ರೆ, ನಿಂಗೆ ಇದನ್ನೆಲ್ಲ ಹೇಳ್ಕೊಟ್ಟೋಳು ಅವಳೇ ಅಂತ ನಮ್ಮ ವಕೀಲರು ಅಂದ್ಕೋತಾರೆ. ಈ ವಯಸ್ಸಲ್ಲಿ ಅವಳು ಬೀದಿಗೆ ಬರೋದು ನಿಂಗಿಷ್ಟನಾ?”

ನಾನು ಅವಳಿಗೆ ಏನೂ ಹೇಳಿಕೊಟ್ಟಿರಲಿಲ್ಲ, ವಿನ್. ಅವಳಿಗೆ ಕಣ್ಣಿದೆ, ಅವಳೇ ನೋಡಿದಳು. ಆ ಸಾಧ್ಯತೆ ನಿನ್ನ ತಲೆಗೆ ಹೊಳೆಯಲೇ ಇಲ್ಲ ನೋಡು.

ನಿನ್ನೆ ಇದನ್ನೆಲ್ಲ ಹೇಳಿ ಮುಗಿಸಿ, ಕಣ್ಣೊರೆಸಿಕೊಂಡು, ದೊಡ್ಡವಳ ಹಾಗೆ ಹೇಳಿದಳು, “ಸಹಿ ಹಾಕ್ತೀನಮ್ಮಾ. ಒಂದು ಸಹಿ ತಾನೇ. ನೀನು ತಲೆ ಕೆಡಿಸ್ಕೋಬೇಡ.” ನಾನು ಬೇಡ ಎಂದೆ. “ಮತ್ತೆ ನೀನೆಲ್ಲಿಗೆ ಹೋಗ್ತೀಯ?” ಎಂದು ಕೇಳಿದಳು. ಅವಳ ಮುಖ ನೋಡಿದೆ. ಹದಿನೆಂಟು ವರ್ಷದ ಹುಡುಗಿ ನನ್ನ ಮಾಡು ಉಳಿಸಲು ತನ್ನ ನಾಲಿಗೆ ಅಡವಿಡುತ್ತಿದ್ದಾಳೆ. ಇನ್ನು ನಾಳೆ ಲಟೀಷಾ ಮುಂದೆ ಕೂತು ಪುಸ್ತಕ ತೆರೆಯುವಾಗ ಅವಳು ನೋಡುವುದೆಲ್ಲಿಗೆ? ನಾನು ನಿಮ್ಮ ಮನೆಯಲ್ಲಿ ಹನ್ನೊಂದು ವರ್ಷ ತಟ್ಟೆ ನೋಡಿಕೊಂಡು ಊಟ ಮಾಡಿದವಳು. ಅವಳಿಗೂ ಅದೇ ಗತಿ ಬರುವುದನ್ನು ನಾನು ನೋಡಲಾರೆ.

ನನ್ನಲ್ಲಿ ಈಗ ಉಳಿದಿರುವ ಒಳ್ಳೆಯ ವಸ್ತು ಎಂದರೆ ಅವಳೊಬ್ಬಳೇ. ನಿನಗೂ ಅಷ್ಟೇ ಇರಬಹುದು, ಆದರೆ ನೀನು ಅದನ್ನು ಗಂಟೆ ಬಾರಿಸಿ ಮುಚ್ಚುತ್ತೀಯ. ನೀನು ಕೆಟ್ಟವನಾಗಿ ಹುಟ್ಟಲಿಲ್ಲ ಎಂದು ನನಗೆ ಗೊತ್ತು. ಚಹಾದ ದಿನ ನನ್ನ ಬಟ್ಟಲು ಕೈ ಜಾರಿ ಜಮಖಾನೆಯ ಮೇಲೆ ಚೆಲ್ಲಿದಾಗ, ನಿನ್ನ ಬಟ್ಟಲನ್ನೂ ಬೇಕೆಂದೇ ಚೆಲ್ಲಿ ಬೈಗುಳ ನೀನು ತಿಂದೆ. ಆ ಹುಡುಗನನ್ನೇ ನಾನು ಮದುವೆಯಾದದ್ದು. ಅವನನ್ನು ಎಲ್ಲಿ ಹೂತಿರೋ, ಅಲ್ಲೂ ಒಂದು ಹಿತ್ತಾಳೆ ಫಲಕ ಹಾಕಿಸು.

ಹಾಗಾಗಿ ಕೇಳುತ್ತಿದ್ದೇನೆ, ಒಂದೇ ಸಲ ಕೇಳುತ್ತೇನೆ. ಇಪ್ಪತ್ತನೇ ತಾರೀಕಿನ ಆ ಎರಡನೇ ಸಹಿಯನ್ನು ತೆಗೆದುಹಾಕು. ಮಗಳಿಗೆ ಫೋನ್ ಮಾಡು, ತಪ್ಪಾಯಿತು ಎನ್ನು, ಅವಳ ಮೊದಲ ದಾನ ಅವಳು ಹೇಳಿದ ಕಡೆಗೇ ಹೋಗಲಿ. ಕೋರ್ಟಿಗೆ ಹೋಗಿ ನಿನಗೆ ಗೊತ್ತಿದ್ದದ್ದನ್ನು ನೀನೇ ಹೇಳು. ನೀನಾಗಿ ಹೇಳಿದರೆ ನಿನ್ನ ಮಗಳು ಇವತ್ತಲ್ಲದಿದ್ದರೆ ಇನ್ನೊಂದು ದಿನ ನಿನ್ನ ಮುಖ ನೋಡುತ್ತಾಳೆ. ಬೇರೆಯವರ ಬಾಯಿಂದ ತಿಳಿದರೆ ನೋಡುವುದಿಲ್ಲ, ಅವಳಲ್ಲಿ ನನ್ನಪ್ಪನ ಹಠ ಇದೆ.

ಮಿಟ್ಸಿ ಅತ್ತೆಗೆ ನಮಸ್ಕಾರ ತಿಳಿಸಬೇಡ. ಸೀಲ್ ಮರಿಗಳಿಗೆ ಬೇಗ ವಾಸಿಯಾಗಲಿ.

ಎಲ್ಡರ್ಕಿನ್ ಎಂಬ ಹೆಸರನ್ನು ಇಂದಿಗೆ ನಿಮಗೇ ಹಿಂದಿರುಗಿಸಿ,
ವೆರೋನಿಕಾ ಸೆಡ್ಲಾಕ್

ಮರೆತ ಮಾತು: ಇಂದು ಶುಕ್ರವಾರ. ನಿನ್ನೆ ಬರೆದು ಮುಗಿಸಿದ ಮೇಲೆ ಮತ್ತೆ ಓದಿ ನೋಡಿದೆ. ನೀನು ಏನು ಮಾಡುತ್ತೀಯ ಎಂಬುದು ನನಗೆ ಚೆನ್ನಾಗಿ ಗೊತ್ತು. ಪತ್ರವನ್ನು ಮಡಚಿ, ವಕೀಲರಿಗೆ ಫೋನ್ ಮಾಡಿ, ಊಟಕ್ಕೆ ಹೋಗುತ್ತೀಯ. ಅದಕ್ಕೇ ಇದನ್ನು ಮೊದಲಿನಿಂದಲೂ ಕಾರ್ಬನ್ ಹಾಳೆ ಇಟ್ಟೇ ಬರೆದಿದ್ದೆ. ನಿನ್ನ ಕೈಯಲ್ಲಿರುವುದು ಪ್ರತಿ. ಮೂಲವನ್ನು ಇವತ್ತು ಬೆಳಗ್ಗೆ ನೋಟರಿಯ ಎದುರಿಗೆ ಪ್ರಮಾಣ ಮಾಡಿ, ಪುಟ ಪುಟಕ್ಕೂ ಸಹಿ ಹಾಕಿ, ವಿಲ್ಮಾ ಟಾಲಿವರಳ ವಕೀಲರ ಕೈಗೆ ಕೊಟ್ಟು ಬಂದೆ. ತಿಂಗಳ ಕೊನೆಗೆ ಮನೆ ಖಾಲಿಯಾಗಿರುತ್ತದೆ, ಬೀಗದ ಕೈ ಪಕ್ಕದ ಮನೆಯಲ್ಲಿ ಸಿಗುತ್ತದೆ. ಗಸ್ಸಿ ಇನ್ನೂ ಮಲಗಿದ್ದಾಳೆ, ಎದ್ದ ಮೇಲೆ ಹೇಳುತ್ತೇನೆ. ಇನ್ನು ಅವಳನ್ನು ಏನು ತೋರಿಸಿ ಹೆದರಿಸುತ್ತೀಯೋ ಹೆದರಿಸು, ವಿನ್.